ಸದ್ದಿಲ್ಲದ ಗೃಹಪ್ರವೇಶ

ರಾತ್ರಿ ಎರಡರ ಹೊತ್ತಿಗೆ ಕೊಟ್ಟಿಗೆಯಿಂದ ಕೊರಳಗಂಟೆಯ ಸದ್ದು ಕೇಳಿಸಿತು. ಹಸು ಸೊಳ್ಳೆ ಓಡಿಸಲು ತಲೆ ಕೊಡವಿದರೆ ಗಂಟೆ ಎರಡು ಸಲ ಬಡಿದು ಸುಮ್ಮನಾಗುತ್ತದೆ. ಇದು ಸುಮ್ಮನಾಗಲಿಲ್ಲ. ಚಳಿಗೆ ಹಲ್ಲು ಕಟಕಟಿಸುವ ಹಾಗೆ ಸಣ್ಣಗೆ, ಒಂದೇ ಸಮನೆ ಬರುತ್ತಲೇ ಇತ್ತು.

ಮುನಿರಾಜಪ್ಪ ಎದ್ದು ಟಾರ್ಚ್ ಹಿಡಿದು ಹೊರಗೆ ಬಂದ. ಚಂದ್ರಿ ನಾಲ್ಕು ಕಾಲನ್ನೂ ಅಗಲಿಸಿಕೊಂಡು, ಕುಲುಕುವ ಬಸ್ಸಿನಲ್ಲಿ ಕಂಬಿ ಸಿಗದವರ ಹಾಗೆ ನಿಂತಿದ್ದಳು. ಮೈಯೆಲ್ಲ ನಡುಗುತ್ತಿತ್ತು. ತಲೆ ತನ್ನಷ್ಟಕ್ಕೆ ಹೌದು ಹೌದು ಎನ್ನುತ್ತಿತ್ತು.

"ಏನಾಯ್ತಮ್ಮಾ?" ಎಂದು ಅವನು ಟಾರ್ಚಿನ ಬೆಳಕನ್ನು ಮುಖಕ್ಕೆ ಬಿಟ್ಟಿದ್ದೇ ತಡ, ಚಂದ್ರಿ ಬೆಚ್ಚಿದಳು. ಹಿಂಗಾಲು ಮರದ ಕಾಲಿನಂತೆ ಸೆಟೆದವು. ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ವಾಲಿ, ಸಿಮೆಂಟ್ ಮೂಟೆ ಉರುಳಿದಂತೆ ಧೊಪ್ಪೆಂದು ಬಿದ್ದಳು. ಒಂದು ನಿಮಿಷ ಕಳೆದ ಮೇಲೆ ಅವಳು ಏನೂ ಆಗದವಳಂತೆ ಎದ್ದು ನಿಂತು ಅವನನ್ನು ನೋಡಿದಳು. ಮತ್ತೆ ನಡುಗತೊಡಗಿದಳು.

ಬೆಳಗಾದರೆ ಗೃಹಪ್ರವೇಶ. ಹತ್ತೂವರೆಗೆ ಮುಹೂರ್ತ.

ಹೊರಮಾವಿನಲ್ಲಿ ಮುನಿರಾಜಪ್ಪನಿಗಿದ್ದ ಹೊಲ ಎಂದೋ ಸೈಟುಗಳಾಗಿ, ಸೈಟುಗಳು ಮನೆಗಳಾಗಿದ್ದವು. ಆದರೆ ಹೊಸ ಮನೆಗೆ ಜನರಿಗಿಂತ ಮೊದಲು ಹಸು ಕಾಲಿಡಬೇಕಲ್ಲ? ಆ ಕೆಲಸಕ್ಕೆ ಚಂದ್ರಿಯನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಐದು ವರ್ಷದಲ್ಲಿ ಅವಳು ಕಾಲಿಟ್ಟ ಮನೆಗಳಿಗೆ ಲೆಕ್ಕವಿಲ್ಲ. ನುಣ್ಣನೆಯ ಗ್ರಾನೈಟ್ ನೆಲಕ್ಕೆ ಅವಳು ಹೆದರುತ್ತಿರಲಿಲ್ಲ. ಮಹಡಿ ಮೆಟ್ಟಿಲು ಹತ್ತುತ್ತಿದ್ದಳು. ವೀಡಿಯೊದವನು ಹೇಳಿದ ಕಡೆ ಮುಖ ತಿರುಗಿಸುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ, ದೇವರ ಕೋಣೆಯ ಮುಂದೆ ನಿಂತು ಸರಿಯಾದ ಹೊತ್ತಿಗೆ ಸೆಗಣಿ ಹಾಕುತ್ತಿದ್ದಳು. ಅದಕ್ಕಿಂತ ದೊಡ್ಡ ಶುಭ ಮನೆ ಕಟ್ಟಿದವರಿಗೆ ಇನ್ನೊಂದಿಲ್ಲ.

ಅದು ಅದೃಷ್ಟವೆಂದು ಜನ ತಿಳಿದಿದ್ದರು. ಅದೃಷ್ಟವಲ್ಲ, ಮುನಿರಾಜಪ್ಪನ ಕಸುಬು. ಮುಹೂರ್ತಕ್ಕೆ ಮೂರು ದಿನ ಮೊದಲೇ ಒಣಹುಲ್ಲು ನಿಲ್ಲಿಸಿ ಬರೀ ಹಸಿ ಹುಲ್ಲು ಹಾಕುತ್ತಿದ್ದ. ಉಳಿದದ್ದನ್ನು ಚಂದ್ರಿಯ ಹೊಟ್ಟೆ ನೋಡಿಕೊಳ್ಳುತ್ತಿತ್ತು.

ಈ ಸಲ ಹುಲ್ಲು ಇನ್ನೂ ಚೆನ್ನಾಗಿರಲೆಂದು ಅವನು ಕಲ್ಕೆರೆ ಕೆರೆಯ ಹಿಂದೆ, ಯಾರೋ ಬೇಲಿ ಹಾಕಿ ಬಿಟ್ಟಿದ್ದ ಜಾಗಕ್ಕೆ ನುಗ್ಗಿದ್ದ. ದನ ಬಾಯಿಡದ ಜಾಗ. ಮಳೆಗೆ ಸೊಂಟದೆತ್ತರ ಬೆಳೆದ ಹುಲ್ಲು, ತೂಗುವ ತೆನೆ. ಕೊಯ್ಯುವಾಗ ತೆನೆ ಕೈಗೆ ಬೆಲ್ಲದ ಪಾಕದಂತೆ ಅಂಟಿತ್ತು. ಸಿಹಿ ಹುಲ್ಲು ಎಂದು ಸಂತೋಷಪಟ್ಟು ನಾಲ್ಕು ದಿನ ತಂದು ಹಾಕಿದ್ದ.

ಅಷ್ಟು ಮುತುವರ್ಜಿಗೆ ಕಾರಣವಿತ್ತು. ಮನೆ ರಾಮಮೂರ್ತಿ ನಗರದ ಮುನಿಶಾಮಿಯವರದು. ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರಾಗಿ ನಿವೃತ್ತರಾದವರು. ಅವರ ಮಗ ಭೀಮೇಶನಿಗೆ ಮುನಿರಾಜಪ್ಪನ ಮಗಳು ಹೇಮಶ್ರೀಯನ್ನು ಕೇಳಿದ್ದರು. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. "ಗೃಹಪ್ರವೇಶ ನಿಮ್ಮ ಹಸುವಿಂದಾನೇ ಆಗ್ಲಿ. ಅದು ಚೆನ್ನಾಗಿ ಮುಗಿದ್ರೆ ಸಂಜೆನೇ ನಿಮ್ಮನೇಗೆ ಬಂದು ವೀಳ್ಯ ಬದಲಾಯಿಸ್ಕೊಳ್ಳೋಣ" ಎಂದು ಹುಡುಗನ ತಾಯಿ ಗಂಗಮ್ಮ ಹೇಳಿ ಕಳಿಸಿದ್ದರು. ಚೆನ್ನಾಗಿ ಮುಗಿಯದಿದ್ದರೆ ಏನು ಎಂದು ಅವರು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ವಠಾರದ ಬಾಡಿಗೆದಾರ ಮಾನಪ್ಪ ಹಲ್ಲುಜ್ಜುತ್ತ ಕೊಟ್ಟಿಗೆಗೆ ಬಂದ. ರಾಯಚೂರು ಕಡೆಯ ಗಾರೆ ಕೆಲಸದವನು. ಯಾವ ವಿಷಯದಲ್ಲೂ ಅಭಿಪ್ರಾಯವಿಲ್ಲದೆ ಇದ್ದವನಲ್ಲ.

"ಅಣ್ಣಾರ, ಇದು ಹುಚ್ಚು ನಾಯಿ ಕಡದದ್ದು."

"ನಾಯಿ ಎಲ್ಲಿ ಕಚ್ತೋ? ಬಾಗ್ಲು ಹಾಕಿರುತ್ತೆ."

"ಹಂಗಾರ ಹುಚ್ಚಾಕಳ ರೋಗ. ಟೀವಿಯಾಗ ತೋರಿಸಿದ್ರಲ್ರೀ, ಇಂಗ್ಲೆಂಡಿನಾಗ. ಹಿಂಗ ನಡುಗಿ ನಡುಗಿ ಬೀಳ್ತಿದ್ವು. ಸರಕಾರದವ್ರು ಬಂದು ಊರಿನ ದನಾನೆಲ್ಲ ಸುಟ್ಟು ಹಾಕಿದ್ರು ನೋಡ್ರಿ."

"ಮೆಲ್ಲಗೆ ಮಾತಾಡೋ ಮಾರಾಯ!"

ಅಷ್ಟರಲ್ಲಿ ಬಚ್ಚಲಲ್ಲಿ ಮುನಿರಾಜಪ್ಪನ ಹೆಂಡತಿ ಮುನಿವೆಂಕಟಮ್ಮನ ಕೈಯಿಂದ ಸ್ಟೀಲ್ ಬಿಂದಿಗೆ ಜಾರಿತು. ಠಣಾರ್ ಎಂದು ಸದ್ದಾಯಿತು. ಚಂದ್ರಿ ಬೆಚ್ಚಿ, ಸೆಟೆದು, ವಾಲಿ, ಮಾನಪ್ಪನ ಕಾಲ ಬುಡದಲ್ಲೇ ಬಿದ್ದಳು. ಮಾನಪ್ಪ ಹಲ್ಲುಜ್ಜುವ ಕಡ್ಡಿಯನ್ನು ಅಲ್ಲೇ ಬಿಟ್ಟು ಗೋಡೆ ಹತ್ತಿದ.

ಆಗ ಮುನಿರಾಜಪ್ಪನಿಗೆ ಒಂದು ವಿಷಯ ಸ್ಪಷ್ಟವಾಯಿತು. ಸುಮ್ಮನಿದ್ದರೆ ಅವಳು ನಿಲ್ಲುತ್ತಾಳೆ. ಸದ್ದಾದರೆ ಬೀಳುತ್ತಾಳೆ. ಗೃಹಪ್ರವೇಶದಲ್ಲಿ ನಾದಸ್ವರವಿರುತ್ತದೆ, ಡೋಲು ಇರುತ್ತದೆ, ಶಂಖ, ಜಾಗಟೆ, ವೀಡಿಯೊ ಲೈಟು ಎಲ್ಲವೂ ಇರುತ್ತವೆ.

ಏಳು ಗಂಟೆಗೆ ಡಾಕ್ಟರ್ ಭಗವಂತರಾಯರು ಬಂದರು. ಕಲಬುರ್ಗಿ ಕಡೆಯವರು, ಮೂರನೇ ಕ್ರಾಸಿನಲ್ಲಿದ್ದ ನಿವೃತ್ತ ಪಶುವೈದ್ಯರು. ಹಸುವನ್ನು ನೋಡುವುದಕ್ಕಿಂತ ಹೆಚ್ಚು ಹೊತ್ತು ಗೋದಲಿಯಲ್ಲಿದ್ದ ಹುಲ್ಲನ್ನು ನೋಡಿದರು. ಒಂದು ತೆನೆ ಎತ್ತಿ ಹೆಬ್ಬೆರಳಿನಿಂದ ತಿಕ್ಕಿದರು.

"ಎಲ್ಲಿಂದ ತಂದ್ರಿ ಇದನ್ನ?"

"ಕೆರೆ ಹಿಂದಿಂದ ಸಾರ್. ಒಳ್ಳೆ ಹುಲ್ಲು. ಜೇನಿನ ಥರ ಅಂಟುತ್ತೆ."

"ಜೇನಲ್ಲರೀ ಅದು. ಬೂಷ್ಟು. ಇಲ್ನೋಡ್ರಿ, ಕಾಳಿರೋ ಜಾಗಾದಾಗ ಕರ್ರಗ ಗಂಟು ಕುಂತಾವ. ಮಳಿಗಾಲದಾಗ ತೆನಿಗೆ ಫಂಗಸ್ ಹತ್ತಿದ್ರ ಹಿಂಗ ಆಗ್ತದ. ನಮ್ಮ ಕಡಿ ಸಜ್ಜಿ ತೆನಿಗೂ ಇಂಥಾದ್ದೊಂದು ಬರ್ತದ. ಇದರಾಗ ಆಲ್ಕಲಾಯ್ಡ್ ಅನ್ನೋ ಥರದ ವಿಷ ಇರ್ತದ. ಹೊಟ್ಟಿ ಕೆಡಸೂದಿಲ್ಲ, ಸೀದಾ ನರಕ್ಕ ಹತ್ತತದ."

"ಸಾಯ್ತಾಳಾ ಸಾರ್?"

"ಏ, ಸಾಯಂಗಿಲ್ಲ. ಈ ಹುಲ್ಲು ಬಿಡಸ್ರಿ, ರಾಗಿ ಹುಲ್ಲು ಹಾಕ್ರಿ. ನಾಕೈದು ದಿನದಾಗ ತಾನ ಸುಧಾರಸ್ತಾಳ. ವಿಷದಿಂದ ಸಾಯೋದು ಕಡಿಮಿ. ಗಾಬರಿಯಾಗಿ ಓಡಿ, ಬಿದ್ದು ಕಾಲು ಮುರಕೊಂಡು ಸಾಯ್ತಾವ. ಗದ್ಲ ಬ್ಯಾಡ, ಬೆಳಕು ಹಿಡಿಯೋದು ಬ್ಯಾಡ. ಗಾಬರಿ ಕಡಿಮಿ ಆಗೂ ಹಂಗ ಒಂದು ಇಂಜೆಕ್ಷನ್ ಕೊಡ್ತೀನಿ. ಆದ್ರ ಇವತ್ತ ಎಲ್ಲೀಗೂ ಒಯ್ಯಾಂಗಿಲ್ಲ, ತಿಳೀತಿಲ್ಲೋ?"

"ಎಲ್ಲಿಗೂ ಇಲ್ಲ ಸಾರ್" ಎಂದ ಮುನಿರಾಜಪ್ಪ. ಚಂದ್ರಿಯ ಕೊಂಬಿಗೆ ಕಟ್ಟಲು ತಂದಿದ್ದ ಸೇವಂತಿಗೆ ಹಾರ ಅವನ ಬೆನ್ನ ಹಿಂದಿನ ಕೈಯಲ್ಲಿತ್ತು.

ಡಾಕ್ಟರು ಇಂಜೆಕ್ಷನ್ ಚುಚ್ಚಿ ಹೋದ ಮೇಲೆ ಮನೆಯವರೆಲ್ಲ ಪಿಸುಗುಟ್ಟುತ್ತ ಚರ್ಚಿಸಿದರು. ಬೇರೆ ಹಸು ಸಿಗುತ್ತಿರಲಿಲ್ಲ. ಕಾರ್ತೀಕದ ದೊಡ್ಡ ಮುಹೂರ್ತ, ಊರಿನ ಉಳಿದ ನಾಲ್ಕೂ ಹಸುಗಳು ತಿಂಗಳ ಹಿಂದೆಯೇ ಬೇರೆ ಮನೆಗಳಿಗೆ ಒಪ್ಪಿಕೊಂಡಿದ್ದವು. ಗೋಡೆಯಿಂದ ಇಳಿದಿದ್ದ ಮಾನಪ್ಪ, "ಎಮ್ಮಿ ನಡೀತದೇನ್ರಿ? ಮ್ಯಾಲ ಬಿಳೀ ಪಂಚಿ ಹೊಚ್ಚಿದ್ರ?" ಎಂದು ಕೇಳಿದ.

"ನಿಜ ಹೇಳ್ಬಿಡಿ ಅತ್ಲಾಗೆ" ಎಂದಳು ಮುನಿವೆಂಕಟಮ್ಮ.

"ಏನಂತ ಹೇಳ್ಲಿ? ಹಸುಗೆ ನಡುಕ, ಮಗಳನ್ನ ಮಾತ್ರ ತಗೊಳ್ಳಿ ಅಂತಾನಾ? ಹಸು ಹೋಗ್ಲಿಲ್ಲ ಅಂದ್ರೂ ಅಪಶಕುನ, ಹೋಗಿ ಬಿದ್ರೂ ಅಪಶಕುನ. ಹೋಗಿ ಬೀಳ್ದೆ ಇದ್ರೆ ಮಾತ್ರ ಮದುವೆ."

ಹೇಮಶ್ರೀ ಎದ್ದಳು. ಒಳಗಿನಿಂದ ಹತ್ತಿ ತಂದು ಚಂದ್ರಿಯ ಎರಡು ಕಿವಿಗೂ ಮೆತ್ತಗೆ ತುರುಕಿ, ಮೇಲೆ ಕೆಂಪು ಕುಚ್ಚು ಕಟ್ಟಿದಳು. ಆಮೇಲೆ, "ಅಪ್ಪಾ, ನೀವು ಒಂದು ಲೋಟ ಕಾಫಿನಾದ್ರೂ ಕುಡೀರಿ" ಎಂದಳು. ಮುನಿರಾಜಪ್ಪ ಕುಡಿಯಲಿಲ್ಲ.

ನಡೆಸಿಕೊಂಡು ಹೋಗುವುದಂತೂ ಆಗದು. ದಿನಾ ಬೆಳಗಿನ ಜಾವ ಶಿವಾಜಿನಗರಕ್ಕೆ ತರಕಾರಿ ಹೊತ್ತು ಎಂಟಕ್ಕೆ ಮರಳುವ ಖಾದರನ ಟೆಂಪೋಗೆ ಹುಲ್ಲು ಹಾಸಿ ಚಂದ್ರಿಯನ್ನು ಹತ್ತಿಸಿದರು.

"ಖಾದರ್, ಒಂದು ಸಲಾನೂ ಹಾರ್ನ್ ಹೊಡೀಬೇಡ."

"ಹಾರ್ನ್ ಇಲ್ದೆ ರಾಮಮೂರ್ತಿ ನಗರ್ ಮೇನ್ ರೋಡಾ? ಅರೆ ಭಾಯ್, ಬ್ರೇಕ್ ಇಲ್ದೆ ಹೋಗು ಅನ್ನಿ, ಹೋಗ್ತೀನಿ."

ಖಾದರ್ ಒಳ್ಳೆಯವನು. ಹಾರ್ನಿನ ಬದಲು ಕಿಟಕಿಯಿಂದ ಅರ್ಧ ಮೈ ಹೊರಹಾಕಿ, ಕೈ ಮುಗಿದು ದಾರಿ ಕೇಳುತ್ತ ಹೋದ. ಎದುರಿನವರು ಯಾರೋ ತೀರಿಕೊಂಡಿರಬೇಕೆಂದು ಗಾಡಿ ಪಕ್ಕಕ್ಕೆ ಹಾಕಿಕೊಟ್ಟರು.

ರೈಲ್ವೆ ಗೇಟ್ ಹಾಕಿತ್ತು. ದೂರದಲ್ಲಿ ಇಂಜಿನ್ನಿನ ಕೂಗು ಕೇಳಿಸಿದ ಕೂಡಲೇ ಮುನಿರಾಜಪ್ಪ ಟೆಂಪೋ ಹಿಂದೆ ಹತ್ತಿ, ಚಂದ್ರಿಯ ತಲೆಯನ್ನು ಎದೆಗೊತ್ತಿಕೊಂಡು ಎರಡು ಅಂಗೈಗಳಿಂದಲೂ ಅವಳ ಕಿವಿ ಮುಚ್ಚಿದ. ಗೂಡ್ಸ್ ರೈಲು. ಮುಗಿಯುವುದೇ ಇಲ್ಲ. ಒಂದೊಂದು ಡಬ್ಬಿ ದಾಟುವಾಗಲೂ ಅವನು ಹಲ್ಲು ಕಚ್ಚುತ್ತಿದ್ದ. ಚಂದ್ರಿಯ ಮೈ ನಡುಗಿತು. ಆದರೆ ಎರಡು ಕಡೆಯ ಹಲಗೆಗಳು ಅವಳನ್ನು ನಿಲ್ಲಿಸಿದವು. ಸ್ಕೂಟರಿನ ಮೇಲಿದ್ದ ಹೆಂಗಸೊಬ್ಬಳು ಗಂಡನಿಗೆ, "ನೋಡಿ, ಸಾಕಿದ ಹಸುನ ಮಾರೋಕೆ ಎಷ್ಟು ಸಂಕಟಪಡ್ತಿದಾರೆ ಪಾಪ" ಎಂದಳು.

ಮುನಿಶಾಮಿಯವರ ಮನೆ ಮುಂದೆ ಶಾಮಿಯಾನ ಹಾಕಿತ್ತು. ಇಬ್ಬರು ನಾದಸ್ವರದವರು, ಡೋಲಿನವನೊಬ್ಬ ಚಾಪೆಯ ಮೇಲೆ ಸಿದ್ಧವಾಗಿ ಕುಳಿತಿದ್ದರು. ವೀಡಿಯೊದವನ ಲೈಟು ಇನ್ನೊಬ್ಬ ಸೂರ್ಯನಂತೆ ಉರಿಯುತ್ತಿತ್ತು. ಹಸುವನ್ನು ಕಂಡೊಡನೆ ಡೋಲಿನವನು ಬಾರಿಸಲು ಬೆರಳುಗಳಿಗೆ ಗಟ್ಟಿ ಕುಪ್ಪಿ ಏರಿಸಿದ.

"ನಿಲ್ಸಿ!" ಮುನಿರಾಜಪ್ಪ ಟೆಂಪೋದಿಂದ ಹಾರಿ ಅವನ ಕೈ ಹಿಡಿದುಕೊಂಡ. ಹಿಡಿದ ಕೈಯೇ ನಡುಗುತ್ತಿತ್ತು. ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಎಲ್ಲರೂ ಅವನನ್ನೇ ನೋಡಿದರು.

"ಏನ್ರೀ ಮುನಿರಾಜಪ್ಪ?" ಮುನಿಶಾಮಿಯವರು ಹತ್ತಿರ ಬಂದರು.

"ಸದ್ದು... ಸದ್ದು ಬೇಡ ಸಾರ್. ನಮ್ಮ ಹೊರಮಾವಲ್ಲಿ ಪದ್ಧತಿ. ಕಾರ್ತೀಕದಲ್ಲಿ... ಹಸು ಒಳಗೆ ಹೋಗಿ ಹೊರಗೆ ಬರೋವರ್ಗೂ ಮೌನ. ಮೌನಪ್ರವೇಶ ಅಂತಾರೆ. ಲೈಟೂ ಇರ್ಬಾರ್ದು. ದೀಪ ಮಾತ್ರ."

"ನಾನು ಕೇಳೇ ಇಲ್ವಲ್ಲ?" ಎಂದರು ಗಂಗಮ್ಮ. ಪುರೋಹಿತರತ್ತ ತಿರುಗಿ, "ಹೌದಾ ಸ್ವಾಮಿ?" ಎಂದು ಕೇಳಿದರು.

ಪುರೋಹಿತರಿಗೆ ಅಂದು ಇನ್ನೂ ಮೂರು ಮನೆಗಳಿದ್ದವು. ಇಂಥದೊಂದು ಪದ್ಧತಿ ಗೊತ್ತಿಲ್ಲವೆಂದು ಒಪ್ಪಿಕೊಳ್ಳಲೂ ಮನಸ್ಸಿರಲಿಲ್ಲ. "ಮೌನಪ್ರವೇಶ ತಾನೆ? ಇದೆ, ಇದೆ. ಬಹಳ ಶ್ರೇಷ್ಠ. ಈಗಿನವರು ಮಾಡಲ್ಲ ಅಷ್ಟೆ" ಎಂದು, ಅಲ್ಲಿಂದಾಚೆ ಮಂತ್ರಗಳನ್ನೆಲ್ಲ ಗುಟ್ಟು ಹೇಳುವಂತೆ ಪಿಸುಗುಟ್ಟತೊಡಗಿದರು.

ಲೈಟು ಆರಿತು. ನಾದಸ್ವರದವರು ಮುನಿಸಿಕೊಂಡು ಎಲೆಯಡಿಕೆ ಹಾಕಿಕೊಂಡರು. ಡೋಲಿನವನು ಮಾತ್ರ ಡೋಲನ್ನು ಕೊರಳಿನಿಂದ ತೆಗೆಯದೆ, ಬಾಯಿ ಕಟ್ಟಿದ ನಾಯಿಯಂತೆ ಗುರುಗುಟ್ಟುತ್ತ ಹಿಂದೆಯೇ ಬಂದ.

ಚಂದ್ರಿ ಹೊಸ್ತಿಲು ದಾಟಿದಳು. ಮುನಿರಾಜಪ್ಪ ಉಸಿರು ಬಿಟ್ಟ. ಅಷ್ಟರಲ್ಲಿ ಗಂಗಮ್ಮ ಅವನ ಕಿವಿಯ ಹತ್ತಿರ ಬಂದು, "ಕೆಳಗಡೆ ಬಾಡಿಗೆಗೆ ಕೊಡ್ತೀವಿ. ದೇವರ ಮನೆ ಮೇಲಿದೆ" ಎಂದು ಪಿಸುಗುಟ್ಟಿದರು.

ಹದಿನಾಲ್ಕು ಮೆಟ್ಟಿಲು. ಕರಿಯ ಗ್ರಾನೈಟ್. ಯಾರೋ ಬೆಳಿಗ್ಗೆ ಎಣ್ಣೆ ಹಾಕಿ ಒರೆಸಿದ್ದರು. ಮುನಿರಾಜಪ್ಪನಿಗೆ ಅದರಲ್ಲಿ ತನ್ನ ಮುಖ ಕಂಡಿತು, ಆ ಮುಖ ಅವನಿಗೇ ಹೆದರಿಕೆ ಹುಟ್ಟಿಸಿತು. ಗೋಣಿಚೀಲ ಹಾಸಿಸಿದ. ಚಂದ್ರಿಯ ಪಕ್ಕಕ್ಕೆ ಭುಜ ಕೊಟ್ಟು ನಿಂತ. ಮೊದಲ ಮೆಟ್ಟಿಲು. ಎರಡನೆಯದು. ಮೂರನೆಯದರಲ್ಲಿ ಒಂದು ಕೂಸು ಅಳಲು ಬಾಯಿ ತೆರೆಯಿತು; ಮುನಿರಾಜಪ್ಪ ತಿರುಗಿ ತುಟಿಯ ಮೇಲೆ ಬೆರಳಿಟ್ಟು ನೋಡಿದ ನೋಟಕ್ಕೆ ಅದು ಬಾಯಿ ಮುಚ್ಚಿಕೊಂಡಿತು. ಏಳನೆಯದರಲ್ಲಿ ಚಂದ್ರಿಯ ಹಿಂಗಾಲು ನಡುಗಿತು. ಅವಳ ಮೈಭಾರವೆಲ್ಲ ಅವನ ಭುಜದ ಮೇಲೆ ಬಂತು. ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ. ಹನ್ನೊಂದರಲ್ಲಿ ಯಾರದೋ ಕೈಬಳೆ ಕಂಬಿಗೆ ತಾಕಿತು. ಅವನು ಬೆಚ್ಚಿದ. ಚಂದ್ರಿ ಬೆಚ್ಚಲಿಲ್ಲ.

ಹದಿಮೂರು. ಹದಿನಾಲ್ಕು.

ದೇವರ ಮನೆಯ ಮುಂದೆ ಅವಳು ನಾಲ್ಕು ಕಾಲೂರಿ ನಿಂತಳು. ಗಂಗಮ್ಮ ಅರಿಶಿನ ಕುಂಕುಮ ಹಚ್ಚಿದರು. ಪುರೋಹಿತರು ಪಿಸುಮಾತಿನಲ್ಲೇ ಮಂಗಳ ಹಾಡಿದರು. ಮೂವತ್ತು ಜನ ತುಂಬಿದ್ದ ಹಜಾರದಲ್ಲಿ ದೀಪದ ಬತ್ತಿ ಚಿಟಿಚಿಟಿ ಎನ್ನುವುದು ಕೇಳಿಸುತ್ತಿತ್ತು. ಭೀಮೇಶ ಮೂಲೆಯಲ್ಲಿ ನಿಂತು ಭಾವಿ ಮಾವನನ್ನು ನೋಡಿ ಸಣ್ಣಗೆ ನಕ್ಕ. ಮುಗಿಯಿತು ಎಂದುಕೊಂಡ ಮುನಿರಾಜಪ್ಪ.

ಆಗ ಚಂದ್ರಿ ಬಾಲ ಎತ್ತಿ, ನಾಲ್ಕು ದಿನದ ಹಸಿಹುಲ್ಲಿನ ಫಲವನ್ನು ರಂಗೋಲಿಯ ಸರಿ ನಡುವಿಗೆ ಒಪ್ಪಿಸಿದಳು.

"ಹಾಕಿದ್ಲು! ಲಕ್ಷ್ಮಿ ಹಾಕಿದ್ಲು ಕಣ್ರೀ!" ಗಂಗಮ್ಮನ ಕೂಗಿಗೆ ಅರ್ಧ ಗಂಟೆಯಿಂದ ತಡೆದಿಟ್ಟಿದ್ದ ಮೂವತ್ತು ಬಾಯಿಗಳೂ ಒಟ್ಟಿಗೆ ತೆರೆದುಕೊಂಡವು. ಶಂಖ ಊದಿತು. ವೀಡಿಯೊದವನು ಲೈಟು ಹಾಕಿದ. ಡೋಲಿನವನು, ಪಾಪ, ಒಂದು ಮುಹೂರ್ತದ ಪೆಟ್ಟುಗಳನ್ನೆಲ್ಲ ಒಂದೇ ಪೆಟ್ಟಿಗೆ ಹೊಡೆದ.

ಚಂದ್ರಿ ಕಿವಿಯನ್ನೂ ಅಲ್ಲಾಡಿಸಲಿಲ್ಲ.

ರಾತ್ರಿ ಎರಡರಿಂದ ತಂತಿಯಂತೆ ಬಿಗಿದುಕೊಂಡಿದ್ದ ಮುನಿರಾಜಪ್ಪ ಮಾತ್ರ ಗಾಳಿಯಲ್ಲಿ ಒಂದು ಅಡಿ ಹಾರಿದ. ಕಾಲು ಸೆಟೆದವು. ಒಂದು ಸಲ ಆ ಕಡೆ ವಾಲಿದ, ಒಂದು ಸಲ ಈ ಕಡೆ ವಾಲಿದ. ವೀಡಿಯೊದವನ ಸ್ಟ್ಯಾಂಡು ಹಿಡಿದ. ಸ್ಟ್ಯಾಂಡಿನ ಸಮೇತ ಶುಭದ ಪಕ್ಕದಲ್ಲೇ ಬಿದ್ದ.

ಇಬ್ಬರು ಎತ್ತಿ ನಿಲ್ಲಿಸಿದರು. ಕಾಲು ನಿಲ್ಲಲಿಲ್ಲ. "ನಾ... ನಾನಲ್ಲ... ಹಸು..." ಎಂದ, ಒಣಗಿದ ನಾಲಿಗೆ ತೊದಲಿತು.

"ಹಸು ಚೆನ್ನಾಗಿ ನಿಂತಿದೆ ಗುರು, ನೀನು ನಿಂತ್ಕೋ" ಎಂದು ಡೋಲಿನವನು ಹೇಳಿದ್ದಕ್ಕೆ ನಾಲ್ಕಾರು ಜನ ನಕ್ಕರು. ಮುನಿಶಾಮಿಯವರು ನಗಲಿಲ್ಲ. ಅವನ ರಟ್ಟೆ ಹಿಡಿದು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದಕ್ಕೆ ಮಾಡಿದರು. ಪುರೋಹಿತರೂ ಹಿಂದೆ ಬಂದು, ಕೇಳದೆಯೇ, "ಆ ಮೌನದ ಪದ್ಧತಿ ನಂಗೊತ್ತಿಲ್ಲ ಸ್ವಾಮಿ, ಇವರಂದ್ರು ಅಂತ ಹೂಂ ಅಂದೆ" ಎಂದು ಹೇಳಿ ಜಾರಿಕೊಂಡರು.

"ರಾತ್ರಿ ಎಷ್ಟೊತ್ತಿಗೆ ಮಲಗಿದ್ರಿ?" ಮುನಿಶಾಮಿಯವರ ದನಿ ಮೆತ್ತಗಿತ್ತು.

"ಮಲಗ್ಲೇ ಇಲ್ಲ ಸಾರ್."

"ಸದ್ದು ಕೇಳಿದ್ರೆ ಆಗಲ್ಲ. ಲೈಟು ಕಂಡ್ರೆ ಆಗಲ್ಲ. ಕಣ್ಣು ಕೆಂಪು, ಕೈ ನಡುಕ. ಮೂವತ್ತು ವರ್ಷ ರೈಲ್ವೇಲಿದ್ದೆ ಮುನಿರಾಜಪ್ಪ. ರಾತ್ರಿಯೆಲ್ಲ ಕುಡಿದು ಬೆಳಿಗ್ಗೆ ಡ್ಯೂಟಿಗೆ ಬಂದೋರ್ನ ಎಷ್ಟು ಜನಾನ ವಾಪಸ್ ಕಳ್ಸಿದೀನಿ ಗೊತ್ತಾ?"

ಮುನಿರಾಜಪ್ಪ ಜನ್ಮದಲ್ಲಿ ಸೋಡಾಗಿಂತ ಖಾರವಾದದ್ದನ್ನು ಕುಡಿದವನಲ್ಲ. ನಿಜ ಹೇಳಲು ಬಾಯಿ ತೆರೆದ. ಬಾಗಿಲ ಸಂದಿಯಿಂದ ಹಜಾರ ಕಾಣುತ್ತಿತ್ತು. ಗಂಗಮ್ಮ ನೆಲದ ಮೇಲೆ ಕುಳಿತು ಸೆಗಣಿಗೆ ಅರಿಶಿನ ಕುಂಕುಮ ಇಟ್ಟು, ಒಂದು ಸೇವಂತಿಗೆ ಹೂವನ್ನೂ ಇಟ್ಟು, ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಹಸುವಿಗೆ ವಿಷ ಏರಿತ್ತು, ಎಲ್ಲಿಗೂ ಒಯ್ಯಬೇಡ ಎಂದು ಡಾಕ್ಟರು ಹೇಳಿದ್ದರು, ಗೊತ್ತಿದ್ದೂ ನಿಮ್ಮ ಹೊಸ ಮನೆ ಹತ್ತಿಸಿದೆ ಎಂದು ಈಗ ಹೇಳಬೇಕು. ಹೇಳಿದರೆ ಸಂಬಂಧ ಉಳಿಯುತ್ತದೆಯೇ? ಸಂಬಂಧವೂ ಹೋಗುತ್ತದೆ, ಇವರ ಶುಭವೂ ಹೋಗುತ್ತದೆ, ಚಂದ್ರಿಯನ್ನು ಇನ್ನು ಯಾರೂ ಹೊಸ್ತಿಲು ದಾಟಿಸುವುದಿಲ್ಲ.

ಅವನು ಬಾಯಿ ಮುಚ್ಚಿದ. ಆಮೇಲೆ ಮತ್ತೆ ತೆರೆದು, "ಸ್ವಲ್ಪ... ಜಾಸ್ತಿ ಆಗಿತ್ತು ಸಾರ್" ಎಂದ.

ಮುನಿಶಾಮಿಯವರು ಅವನ ರಟ್ಟೆ ಬಿಟ್ಟರು. "ಒಪ್ಕೊಂಡ್ರಲ್ಲ, ಅಷ್ಟು ಮರ್ಯಾದೆ ಉಳಿಸ್ಕೊಂಡ್ರಿ. ಹಸು ಮಾತ್ರ ಬಂಗಾರದಂಥದ್ದು ಕಣ್ರೀ. ಪಾಪ, ಅದೇ ನಿಮ್ಮನ್ನ ಮೆಟ್ಲು ಹತ್ತಿಸ್ಕೊಂಡು ಬಂತು, ನಾವೆಲ್ಲ ನೋಡಿದ್ವಿ. ಮುಂದಿನ ತಿಂಗಳು ನನ್ನ ತಮ್ಮನ ಗೃಹಪ್ರವೇಶ ಇದೆ, ಅದಕ್ಕೂ ಇದನ್ನೇ ಕಳ್ಸಿ. ಬೇರೆ ಯಾರ ಕೈಲಾದ್ರೂ ಕಳ್ಸಿ. ಸಂಜೆ ನಾವು ಬರಲ್ಲ. ನಿಮ್ಮ ಮಗೂಗೆ ಬೇಜಾರು ಮಾಡ್ಕೋಬೇಡ ಅಂತ ಹೇಳಿ."

ಚಂದ್ರಿಯನ್ನು ಮೆಟ್ಟಿಲಿಳಿಸುವಾಗ ಮನೆಯಲ್ಲಿ ಮತ್ತೆ ಮೌನ. ಈ ಸಲ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಟೆಂಪೋದಲ್ಲೇ ಕುಳಿತು ಕಾದಿದ್ದ ಖಾದರ್, "ಬಿತ್ತಾ ಭಾಯ್?" ಎಂದ. "ಇಲ್ಲ" ಎಂದ ಮುನಿರಾಜಪ್ಪ. ಖಾದರ್ ಸಂತೋಷ ತಾಳಲಾರದೆ ದಾರಿಯುದ್ದಕ್ಕೂ ಹಾರ್ನ್ ಹೊಡೆದ.

ವಠಾರದಲ್ಲಿ ಎಲ್ಲರೂ ಬಾಗಿಲಲ್ಲೇ ನಿಂತಿದ್ದರು. "ಏನಾತ್ರೀ ಅಣ್ಣಾರ?" ಎಂದ ಮಾನಪ್ಪ.

"ಸೆಗಣಿ ಹಾಕಿದ್ಳು."

"ಅಂದ್ರ ಶುಭ ಆತು ಬಿಡ್ರಿ!"

ಮುನಿವೆಂಕಟಮ್ಮ ಆಗಲೇ ತಟ್ಟೆಯಲ್ಲಿ ವೀಳ್ಯದೆಲೆ ಜೋಡಿಸಿ ಇಟ್ಟಿದ್ದಳು. ಹೇಮಶ್ರೀ ಚಂದ್ರಿಯ ಕಿವಿಯಿಂದ ಹತ್ತಿ ತೆಗೆಯುತ್ತ ಅವನ ಮುಖ ನೋಡಿದಳು. ಅವಳು ಕೇಳಿದ್ದರೆ ಹೇಳಿಬಿಡುತ್ತಿದ್ದನೇನೋ.

"ಸಂಜೆ ಅವರಿಗೆ ಬೇರೆ ಏನೋ ಕೆಲಸವಂತೆ. ಹೇಳಿ ಕಳಿಸ್ತಾರಂತೆ" ಎಂದು ಮುನಿರಾಜಪ್ಪ ಕೊಟ್ಟಿಗೆಗೆ ನಡೆದ. ಹಗ್ಗ ಕಟ್ಟಿ, ರಾಗಿ ಹುಲ್ಲು ಹಾಕಿ, ಅವಳ ಪಕ್ಕದಲ್ಲೇ ನೆಲದ ಮೇಲೆ ಕುಳಿತ. ಕುಡುಕನೆಂದು ಊರೆಲ್ಲ ಹೇಳಲಿ, ಹೆಂಡತಿ ಕೇಳಲಿ, ಮಗಳೇ ಒಂದು ದಿನ ಕೇಳಲಿ. ಇವತ್ತು ಆ ಮೆಟ್ಟಿಲುಗಳ ಮೇಲೆ ನಿಜವಾಗಿ ನಡುಗಿದವರು ಯಾರು, ಯಾಕೆ ಎಂಬುದನ್ನು ತಾನು ಯಾರಿಗೂ ಹೇಳುವುದಿಲ್ಲ ಎಂದು ಅವನು ನಿಶ್ಚಯಿಸಿದ.